ಕಾರಿನ ಮೂಗು

ತುಂಬಾ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಪ್ರತಿ ಶನಿವಾರ "ಇವತ್ತು ಬರೆದೇ ಬಿಡ್ತೀನಿ" ಅಂದುಕೊಂಡು ಎದ್ದರೂ ಹತ್ತು ಗಂಟೆಯ ಹೊತ್ತಿಗೆ ಕಾರಿನ ಬಾನೆಟ್ ಎತ್ತಿ ನಿಂತಿರುತ್ತಿದ್ದೆ. ಹೆಂಡತಿ ಊಟಕ್ಕೆ ಎರಡು ಸಲ ಕರೆಯುತ್ತಿದ್ದಳು. ಮೂರನೇ ಸಲ ಕರೆಯುತ್ತಿರಲಿಲ್ಲ, ಅವಳ ಊಟ ಮುಗಿದಿರುತ್ತಿತ್ತು. ಹಾಗಾಗಿ ಆ ಬಾನೆಟ್ ಕೆಳಗಿನ ಕಥೆಯನ್ನೇ ಬರೆದುಬಿಟ್ಟರೆ ಎರಡೂ ಲೆಕ್ಕ ಚುಕ್ತಾ ಆಗುತ್ತೆ ಅನ್ನಿಸಿತು. ಕಾರು ಗೀರು ಅಂದರೆ ಆಗದವರು ಈಗಲೇ ಓಡಿಹೋಗಬೇಡಿ. ಮಧ್ಯದಲ್ಲಿ ನಮ್ಮೂರಿನ ರಾಗಿ ಕಣವೂ ಬರುತ್ತದೆ :-)

ನನ್ನ ಹತ್ತಿರ 2004ರ ನಿಸ್ಸಾನ್ 350 ಝೀ ಇದೆ. ಡಲ್ಲಾಸ್‌ನಲ್ಲಿದ್ದಾಗ, 2022ರಲ್ಲಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಅದು ಸೆಕೆಂಡ್ ಅಲ್ಲ, ನಾಲ್ಕನೇ ಹ್ಯಾಂಡ್. ಎರಡೇ ಸೀಟು. "ಅಪ್ಪ ಅಮ್ಮ ಬಂದರೆ ಎಲ್ಲಿ ಕೂರಿಸ್ತೀಯಾ?" ಅಂತ ಅಮ್ಮ ಕೇಳಿದ್ದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. 1969ರಲ್ಲಿ ಜಪಾನಿನಲ್ಲಿ ಫೇರ್‌ಲೇಡಿ ಝೀ ಅಂತಲೂ, ಅಮೆರಿಕದಲ್ಲಿ ಡಾಟ್ಸನ್ 240 ಝೀ ಅಂತಲೂ ಶುರುವಾದ ವಂಶದ ಕುಡಿ ಇದು. ಮೂರೂವರೆ ಲೀಟರಿನ ವಿ6 ಇಂಜಿನ್, 287 ಅಶ್ವಶಕ್ತಿ, ಕೈಯಲ್ಲೇ ಹಾಕಬೇಕಾದ ಆರು ಗೇರು. ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಬರೆಯೋದು ಜಾವಾ. ಇಂಥವರಿಗೆ ಇಂಥ ಒಂದು ಹುಚ್ಚು ಇರದಿದ್ದರೆ ನಾಲ್ಕು ವರ್ಷದ ಓದಿಗೆ ಅವಮಾನ ಅಲ್ವೇ?

ಮೂರನೇ ಮಾಲೀಕ ಅದಕ್ಕೊಂದು ಅಲಂಕಾರ ಮಾಡಿಸಿದ್ದ. ಕಂಪನಿಯಿಂದ ಬಂದ ಏರ್ ಫಿಲ್ಟರಿನ ಕಪ್ಪು ಪ್ಲಾಸ್ಟಿಕ್ ಡಬ್ಬಿಯನ್ನು ಕಿತ್ತು ಬಿಸಾಕಿ, ಆ ಜಾಗದಲ್ಲಿ ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ ಕೊಳವೆ, ಅದರ ತುದಿಗೊಂದು ಕೆಂಪು ಬಣ್ಣದ ಶಂಕುವಿನಾಕಾರದ ಫಿಲ್ಟರ್ ಹಾಕಿಸಿದ್ದ. ಡಬ್ಬಿ ಗಿಬ್ಬಿ ಏನೂ ಇಲ್ಲ, ಫಿಲ್ಟರ್ ಇಂಜಿನ್ನಿನ ಪಕ್ಕದಲ್ಲೇ ಬರೀ ಮೈಯಲ್ಲಿ ಕೂತಿರುತ್ತಿತ್ತು. ನಾಲ್ಕು ಸಾವಿರ ಆರ್‌ಪಿಎಂ ದಾಟಿದರೆ ಸಾಕು, ಹೊಟ್ಟೆಯ ಒಳಗಿಂದ ಬಂದಂಥ ಒಂದು "ಹೂಂಂಂ..." ಸದ್ದು. ಸತ್ಯ ಹೇಳ್ತೀನಿ, ನಾನು ಕಾರು ತಗೊಂಡಿದ್ದೇ ಆ ಸದ್ದಿಗೆ. ಉಳಿದದ್ದೆಲ್ಲಾ ಹೆಂಡತಿಗೆ ಹೇಳಲು ಹುಡುಕಿಕೊಂಡ ಕಾರಣಗಳು.

2024ರಲ್ಲಿ ಕೆಲಸ ಬದಲಾಗಿ ಸ್ಯಾನ್ ಹೋಸೆಗೆ ಬಂದೆವು. ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದವರು 20 ದಿನದೊಳಗೆ ಕಾರನ್ನು ಇಲ್ಲಿ ನೋಂದಾಯಿಸಬೇಕು. ಅದಕ್ಕೆ ಮೊದಲು ನನ್ನ ಕಾರಿನಷ್ಟು ಹಳೆಯದಕ್ಕೆ ಸ್ಮಾಗ್ ಪರೀಕ್ಷೆ ಆಗಬೇಕು. ಧೈರ್ಯವಾಗಿಯೇ ಹೋದೆ. ಚೆಕ್ ಇಂಜಿನ್ ದೀಪ ಉರಿಯುತ್ತಿರಲಿಲ್ಲ. ಇಂಜಿನ್ನಿನ ಕಂಪ್ಯೂಟರಿಗೆ ಅವರು ತಂತಿ ಸಿಕ್ಕಿಸಿ ನೋಡಿದರು, ಎಲ್ಲಾ ಸರಿ. ಆಮೇಲೆ ಆ ಟೆಕ್ನಿಶಿಯನ್, ವಿಯೆಟ್ನಾಂ ಕಡೆಯ ಹಿರಿಯರು, ಬಾನೆಟ್ ಎತ್ತಿ ಟಾರ್ಚ್ ಬಿಟ್ಟರು. ಹೊಳೆಯುವ ಕೊಳವೆಯನ್ನು ಒಂದು ಸುತ್ತು ನೋಡಿದರು, ಕೆಳಗಿನಿಂದ ನೋಡಿದರು, ಬೆರಳಿನಿಂದ ಧೂಳು ಒರೆಸಿ ನೋಡಿದರು.

"ನಂಬರ್ ಎಲ್ಲಿ?" ಅಂದರು.

"ಯಾವ ನಂಬರ್?" ಅಂದೆ.

ಅಲ್ಲಿಗೆ ಫೇಲು. ಜೀವನದಲ್ಲಿ ಪರೀಕ್ಷೆಗಳಲ್ಲಿ ಫೇಲಾಗಿದ್ದು ನನಗೆ ಹೊಸದಲ್ಲ. ಆದರೆ ಬರೀ ನೋಡಿದ್ದಕ್ಕೇ ಫೇಲಾಗಿದ್ದು ಇದೇ ಮೊದಲು.

ವಿಷಯ ಏನಪ್ಪಾ ಅಂದರೆ, ಈ ರಾಜ್ಯದಲ್ಲಿ ಇಂಜಿನ್ನಿನ ಹೊಗೆಗೆ ಸಂಬಂಧಪಟ್ಟ ಯಾವ ಭಾಗವನ್ನಾದರೂ ಕಂಪನಿಯದ್ದು ತೆಗೆದು ಬೇರೆಯದ್ದು ಹಾಕಿದರೆ, ಆ ಹೊಸ ಭಾಗಕ್ಕೆ ಇಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಒಪ್ಪಿಗೆ ಇರಬೇಕು. ಒಪ್ಪಿಗೆ ಸಿಕ್ಕಿದ ಭಾಗಕ್ಕೆ ಒಂದು ಆದೇಶ ಸಂಖ್ಯೆ ಇರುತ್ತದೆ, ಅದರ ಚೀಟಿ ಬಾನೆಟ್ ಕೆಳಗೆ ಕಾಣುವ ಹಾಗೆ ಅಂಟಿಸಿರಬೇಕು. ಅದೇ ಕೊಳವೆ ಬೇರೆ ವರ್ಷದ ಮಾಡೆಲ್‌ಗೆ ಒಪ್ಪಿಗೆ ಪಡೆದಿದ್ದರೂ ನಿಮ್ಮ ವರ್ಷದ್ದಕ್ಕೆ ಪಡೆಯದೇ ಇದ್ದರೆ ಲೆಕ್ಕಕ್ಕಿಲ್ಲ. ನನ್ನದರ ಮೇಲೆ ಯಾವ ಸಂಖ್ಯೆಯೂ ಇರಲಿಲ್ಲ.

ಮೊದಲು ಸಿಟ್ಟು ಬಂತು. ಹೊಗೆ ಹೋಗೋದು ಹಿಂದಿನಿಂದ, ಇವರು ನೋಡೋದು ಮುಂದೆ ಗಾಳಿ ಬರೋ ಜಾಗನ! ಮನೆಗೆ ಬಂದು ಸಮಾಧಾನದಿಂದ ಯೋಚಿಸಿದಾಗ ಅದರಲ್ಲಿ ಅರ್ಥ ಇದೆ ಅಂತ ಗೊತ್ತಾಯ್ತು. ಎಷ್ಟು ಗಾಳಿ ಒಳಗೆ ಬಂತು ಅನ್ನೋದರ ಮೇಲೆಯೇ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಸಿಂಪಡಿಸಬೇಕು ಅಂತ ಲೆಕ್ಕ ಹಾಕೋದು. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ. ಈ ಪ್ರಮಾಣದ ಆಚೀಚೆ ಹೋದರೆ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸ ಸರಿಯಾಗಿ ಮಾಡೋಲ್ಲ. ಲಾಸ್ ಏಂಜಲೀಸ್‌ನಲ್ಲಿ ಕಣ್ಣುರಿ ತರಿಸುತ್ತಿದ್ದ ಮಬ್ಬು ಎಲ್ಲಿಂದ ಬರ್ತಿದೆ ಅಂತ 1950ರ ಹೊತ್ತಿಗೆ ಕಂಡುಹಿಡಿದವರು ಹಾಗೆನ್-ಸ್ಮಿಟ್ ಅನ್ನೋ ರಸಾಯನ ವಿಜ್ಞಾನಿ. ಆ ಮಂಡಳಿ 1967ರಲ್ಲಿ ಹುಟ್ಟಿದಾಗ ಅವರೇ ಅದರ ಮೊದಲ ಅಧ್ಯಕ್ಷರು. ಅಂಥವರ ಮುಂದೆ ನನ್ನ "ಹೂಂಂಂ" ಸದ್ದಿನ ವಾದ ನಿಲ್ಲೋ ಹಾಗಿರಲಿಲ್ಲ.

ಸರಿ, ತಾತ್ಕಾಲಿಕ ಪರ್ಮಿಟ್ ತಗೊಂಡು ಹೊಸ ಇನ್‌ಟೇಕ್ ಆಯ್ಕೆ ಮಾಡಲು ಕೂತೆ. ಹುಡುಗಿ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಹಿಡಿಯಿತು. ಒಂದು ಎಕ್ಸೆಲ್ ಹಾಳೆ ತೆರೆದೆ. ನಾಲ್ಕು ದಾರಿ ಕಾಣಿಸಿತು.

ಒಂದು: ಈಗಿರುವಂಥದ್ದೇ ಗಿಡ್ಡ ಕೊಳವೆ, ಆದರೆ ಆದೇಶ ಸಂಖ್ಯೆ ಇರುವಂಥದ್ದು.
ಎರಡು: ಉದ್ದ ಕೊಳವೆ. ಫಿಲ್ಟರನ್ನು ಇಂಜಿನ್ನಿನ ಬಿಸಿಯಿಂದ ದೂರ, ಕೆಳಗೆ ಬಂಪರಿನ ಹಿಂದೆ ಇಡುವಂಥದ್ದು.
ಮೂರು: ಕಂಪನಿಯ ಹಳೇ ಡಬ್ಬಿ, ಒಳಗೆ ಮಾತ್ರ ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್.
ನಾಲ್ಕು: ಕಂಪನಿಯ ಹಳೇ ಡಬ್ಬಿ, ಒಳಗೆ ಕಂಪನಿಯದೇ ಕಾಗದದ ಫಿಲ್ಟರ್. ಅಂದರೆ ಏನೂ ಮಾಡದೇ ಇರೋದು.

ಇಲ್ಲಿ ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ. ನಾವು ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ 6-8 ಲೀಟರ್ ಗಾಳಿ ಉಸಿರಾಡುತ್ತೇವೆ. ನನ್ನ ಕಾರಿನ ಇಂಜಿನ್ ಎರಡು ಸುತ್ತಿಗೊಮ್ಮೆ ಮೂರೂವರೆ ಲೀಟರ್ ಎಳೆಯುತ್ತದೆ. 6600 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ ಹನ್ನೊಂದೂವರೆ ಸಾವಿರ ಲೀಟರ್, ಸೆಕೆಂಡಿಗೆ 190 ಲೀಟರಿನಷ್ಟು. ಇಷ್ಟು ಗಾಳಿ ಎಳೆಯುವಾಗ ದಾರಿಯಲ್ಲಿ ಅಡ್ಡಿ ಕಡಿಮೆಯಿದ್ದರೆ ಒಳ್ಳೆಯದು, ನಿಜ. ಕೊಳವೆ ಮಾರುವವರ ವಾದವೂ ಇದೇ.

ಆದರೆ ಬೇಕಾಗಿರೋದು ಗಾಳಿಯ ಲೀಟರ್ ಅಲ್ಲ, ಗ್ರಾಂ. ಗಾಳಿ ಬಿಸಿಯಾದಷ್ಟೂ ಹಗುರ. 25 ಡಿಗ್ರಿಯ ಗಾಳಿಗೂ 55 ಡಿಗ್ರಿಯ ಗಾಳಿಗೂ ಸಾಂದ್ರತೆಯಲ್ಲಿ ಸುಮಾರು ನೂರಕ್ಕೆ ಒಂಬತ್ತರಷ್ಟು ವ್ಯತ್ಯಾಸ. ಇಂಜಿನ್ನಿನ ಪಕ್ಕದಲ್ಲೇ ಬೆತ್ತಲೆ ಕೂತ ಫಿಲ್ಟರ್ ಎಳೆಯೋದು ಯಾವ ಗಾಳಿ? ರೇಡಿಯೇಟರ್ ಕಾಯಿಸಿ ಬಿಟ್ಟದ್ದು. ನಾಲ್ಕು ಅಶ್ವಶಕ್ತಿ ಗಳಿಸಲು ಹೋಗಿ ಇಪ್ಪತ್ತು ಕಳಕೊಳ್ಳೋ ವ್ಯಾಪಾರ. ಹಾಗಾದರೆ ಡೈನೋ ಪರೀಕ್ಷೆಯಲ್ಲಿ ಚೆನ್ನಾಗಿ ಬಂದದ್ದು ಹೇಗೆ ಅಂತೀರಾ? ಅಲ್ಲಿ ಸಾಮಾನ್ಯವಾಗಿ ಬಾನೆಟ್ ಎತ್ತಿಟ್ಟು, ಮುಂದೊಂದು ದೊಡ್ಡ ಫ್ಯಾನ್ ಇಟ್ಟಿರುತ್ತಾರೆ. ನಮ್ಮ ಟ್ರಾಫಿಕ್ಕಿನಲ್ಲಿ ಯಾರು ಫ್ಯಾನ್ ಇಡ್ತಾರೆ? ಅದೂ ಅಲ್ಲದೆ ಒಂದೇ ಕಾರನ್ನು ಒಂದೇ ದಿನ ಎರಡು ಸಲ ಓಡಿಸಿದರೂ ಫಲಿತಾಂಶ ನೂರಕ್ಕೆ ಒಂದೆರಡು ಆಚೀಚೆ ಆಗುತ್ತದೆ. 287ರಲ್ಲಿ ಅದೇ ನಾಲ್ಕೈದು ಅಶ್ವಶಕ್ತಿ!

ಎರಡನೇ ದಾರಿ, ಉದ್ದ ಕೊಳವೆ, ಈ ಬಿಸಿಯ ಸಮಸ್ಯೆಗೆ ಒಳ್ಳೆಯ ಪರಿಹಾರ. ಆದರೆ ಮೂಗನ್ನು ನೆಲಕ್ಕೆ ಹತ್ತಿರ ತಂದರೆ ನೀರಿಗೂ ಹತ್ತಿರ ತಂದ ಹಾಗೆ. ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ಕಾರು ಇಳಿಸಿ ಫಿಲ್ಟರ್ ಮುಳುಗಿತೋ, ಇಂಜಿನ್ ಗಾಳಿಯ ಬದಲು ನೀರು ಕುಡಿಯುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗೋಲ್ಲ. ಪಿಸ್ಟನ್ ಮೇಲೆ ಬರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅಲ್ಲಿಗೆ ಇಂಜಿನ್ ಕಥೆ ಮುಗೀತು. ಬೆಂಗಳೂರಿನ ಅಂಡರ್‌ಪಾಸುಗಳನ್ನು ನೋಡಿ ಬೆಳೆದ ಯಾವನಿಗೂ ಈ ಧೈರ್ಯ ಬರೋಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಕೊಳವೆಯ ಒಳಗೆ ಒಂದು ಸಣ್ಣ ಬಿಸಿ ತಂತಿ ಇರುತ್ತದೆ, ಮ್ಯಾಫ್ ಸೆನ್ಸರ್ ಅಂತಾರೆ. ಹಾದುಹೋಗುವ ಗಾಳಿ ಆ ತಂತಿಯನ್ನು ಎಷ್ಟು ತಣಿಸಿತು ಅನ್ನೋದರಿಂದ ಎಷ್ಟು ಗಾಳಿ ಬಂತು ಅಂತ ಲೆಕ್ಕ. ಈ ಲೆಕ್ಕ ಕಂಪನಿ ಇಟ್ಟ ಕೊಳವೆಯ ಅಗಲಕ್ಕೆ ಮಾತ್ರ ಸರಿ. ವ್ಯಾಸ ನೂರಕ್ಕೆ ಹತ್ತು ಹೆಚ್ಚಿದರೆ ಬಾಯಿ ನೂರಕ್ಕೆ ಇಪ್ಪತ್ತೊಂದು ದೊಡ್ಡದಾಗುತ್ತದೆ, ಗಾಳಿ ಅಲ್ಲಿ ನಿಧಾನವಾಗುತ್ತದೆ, ತಂತಿ "ಕಡಿಮೆ ಗಾಳಿ ಬಂತು" ಅಂತ ಸುಳ್ಳು ಹೇಳುತ್ತದೆ. ಪಾಪ, ಬೇಕಂತ ಹೇಳೋದಲ್ಲ. ಕಂಪ್ಯೂಟರ್ ಕಡಿಮೆ ಪೆಟ್ರೋಲ್ ಕೊಡುತ್ತದೆ. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ "ಇಲ್ಲ ಮಾರಾಯ, ಸಾಲದು" ಅಂತ ದೂರು ಕೊಟ್ಟ ಮೇಲೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗುತ್ತದೆ. ಎಷ್ಟು ಸೇರಿಸಬೇಕಾಯಿತು ಅನ್ನೋ ಅಂಕಿಗೆ ಫ್ಯುಯೆಲ್ ಟ್ರಿಮ್ ಅಂತ ಹೆಸರು.

ಸಾಫ್ಟ್‌ವೇರಿನವನ ಚಟ, ಅಳೆಯದೆ ನಂಬೋಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸುವ ಒಂದು ಬ್ಲೂಟೂತ್ ಡಾಂಗಲ್ ತಂದು ಒಂದು ವಾರ ಆಫೀಸಿಗೆ ಹೋಗಿಬರುವಾಗೆಲ್ಲಾ ದಾಖಲಿಸಿದೆ. ಹೊರಗೆ 27 ಡಿಗ್ರಿ ಇದ್ದ ಸಂಜೆ, ಸಿಗ್ನಲ್ಲಿನಲ್ಲಿ ನಾಲ್ಕು ನಿಮಿಷ ನಿಂತಾಗ ಒಳಗೆ ಹೋಗುವ ಗಾಳಿ 57 ಡಿಗ್ರಿ. ಹೈವೇಯಲ್ಲಿ 65 ಮೈಲಿ ವೇಗದಲ್ಲಿ 34. ಫ್ಯುಯೆಲ್ ಟ್ರಿಮ್ ಎರಡೂ ಕಡೆ ನೂರಕ್ಕೆ 11 ಹೆಚ್ಚು. ದೀಪ ಹತ್ತಿರಲಿಲ್ಲ ಅಷ್ಟೇ. ಎರಡು ವರ್ಷದಿಂದ ನನ್ನ ಕಾರು ತಪ್ಪು ಲೆಕ್ಕವನ್ನು ತಿದ್ದಿಕೊಂಡು ತಿದ್ದಿಕೊಂಡೇ ಓಡುತ್ತಿತ್ತು. ನಾನು ಸದ್ದು ಕೇಳಿ ಖುಷಿಪಡುತ್ತಿದ್ದೆ.

ಆ ಸದ್ದಿನ ಗುಟ್ಟೂ ಗೊತ್ತಾಯಿತು. ಕಂಪನಿಯ ಕೊಳವೆಗೆ ಪಕ್ಕದಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಕೋಣೆ ಅಂಟಿಕೊಂಡಿರುತ್ತದೆ. ಏನೂ ಕೆಲಸ ಇಲ್ಲದ್ದು ಅಂತ ಅನ್ನಿಸುತ್ತೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತಲ್ಲ, ಅದೇ ತತ್ವ. ಆ ಕೋಣೆ ಒಂದು ನಿರ್ದಿಷ್ಟ ಸ್ವರಕ್ಕೆ ಕಂಪಿಸಿ ಇಂಜಿನ್ನಿನ ಅದೇ ಸ್ವರವನ್ನು ನುಂಗಿಬಿಡುತ್ತದೆ. 19ನೇ ಶತಮಾನದ ಹೆಲ್ಮ್‌ಹೋಲ್ಟ್ಸ್ ಹೆಸರಿನ ರೆಸೊನೇಟರ್. ಅದನ್ನು ಕಿತ್ತರೆ ನುಂಗುವವರು ಯಾರೂ ಇಲ್ಲ, ಸದ್ದು ಹೊರಗೆ. ಅಂದರೆ ಆ "ಹೂಂಂಂ" ಹೆಚ್ಚಿದ ಶಕ್ತಿಯ ಸದ್ದಲ್ಲ. ಮೊದಲಿನಿಂದಲೂ ಇದ್ದ ಸದ್ದು, ಬಾಯಿ ಮುಚ್ಚಿಸುವವರು ಹೋದರು ಅಷ್ಟೇ.

ಇಷ್ಟೆಲ್ಲಾ ಗೊತ್ತಾದ ಮೇಲೂ ಮನಸ್ಸು ಒಪ್ಪಬೇಕಲ್ಲ? ಇದನ್ನು ಬರೆಯಲು ಸ್ವಲ್ಪ ಮುಜುಗರ, ಆದರೂ ಬರೀತೀನಿ. ಆಫೀಸಿನ ಗೆಳೆಯನೊಬ್ಬ, ನಮ್ಮವನೇ, ಕಾಫಿ ಹೊತ್ತಿನಲ್ಲಿ ಹೇಳಿದ: "ಯಾಕೋ ಇಷ್ಟೊಂದು ತಲೆ ಕೆಡಿಸ್ಕೊಳ್ತೀಯಾ? ನೂರೈವತ್ತು ಡಾಲರ್ ಜಾಸ್ತಿ ಕೊಟ್ರೆ ಬಾನೆಟ್ ಎತ್ತದೇ ಪಾಸ್ ಮಾಡೋರು ಇದಾರಂತೆ. ಇಲ್ಲಾ ಅಂದ್ರೆ ಯಾರದ್ದಾದರೂ ಹಳೇ ಡಬ್ಬಿ ಒಂದು ದಿನಕ್ಕೆ ಇಸ್ಕೊಂಡು ಹಾಕು, ಪರೀಕ್ಷೆ ಮುಗಿಸು, ಸಂಜೆ ನಿನ್ನ ಕೊಳವೆ ವಾಪಸ್ ಹಾಕ್ಕೋ. ಎರಡು ವರ್ಷ ಯಾರೂ ಕೇಳಲ್ಲ."

ಮೊದಲನೆಯದು ಬೇಡ ಅಂತ ಆಗಲೇ ಅನ್ನಿಸಿತು, ಒಳ್ಳೆಯತನದಿಂದಲ್ಲ, ಭಯದಿಂದ. ವೀಸಾ ಮೇಲೆ ಇರೋರು ಇಂಥದ್ದಕ್ಕೆಲ್ಲಾ ಕೈ ಹಾಕೋಲ್ಲ. ಎರಡನೆಯದು ಮಾತ್ರ ಎರಡು ರಾತ್ರಿ ತಲೆಯಲ್ಲೇ ಕೂತಿತ್ತು. ಯಾರಿಗೂ ಗೊತ್ತಾಗೋಲ್ಲ. ದಾಖಲೆ ಎಲ್ಲಾ ಸರಿಯಿರುತ್ತದೆ. ಕೇಳಿದರೆ "ಹಾಕಿದೀನಿ" ಅನ್ನಬಹುದು.

"ಹಾಕಿದೀನಿ." ಈ ಮಾತು ಒಂಥರಾ ಚುಚ್ಚಿತು. ಹೇಳಿದ್ದೆನಲ್ಲ, ರಾಗಿ ಕಣ ಬರುತ್ತೆ ಅಂತ...

ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ನಮ್ಮದೊಂದು ಹಳೇ ಮ್ಯಾಸ್ಸಿ ಫರ್ಗುಸನ್ ಟ್ರ್ಯಾಕ್ಟರ್ ಇತ್ತು. ಡಿಸೆಂಬರ್-ಜನವರಿಯಲ್ಲಿ ಒಕ್ಕಣೆ. ಕಣದಲ್ಲಿ ರಾಗಿ ಹುಲ್ಲು ಹರಡಿ ಅದರ ಮೇಲೆ ಟ್ರ್ಯಾಕ್ಟರ್ ಸುತ್ತಿಸಿದರೆ ಎದ್ದೇಳುವ ಧೂಳು, ಹೊಟ್ಟು, ಸುಂಕು, ನೋಡಿದವರಿಗೇ ಗೊತ್ತು. ಮೈಯೆಲ್ಲಾ ನವೆ. ನಮಗೆ ಟವೆಲ್ಲು ಸುತ್ತಿಕೊಳ್ಳಲು ಮೂಗು ಬಾಯಿ ಇದೆ, ಟ್ರ್ಯಾಕ್ಟರಿಗೆ? ಅದಕ್ಕೆ ಇರೋದು ಎಣ್ಣೆ ಬಟ್ಟಲಿನ ಏರ್ ಕ್ಲೀನರ್. ಗಾಳಿ ಮೇಲಿನಿಂದ ಕೆಳಗಿಳಿದು, ತಳದ ಬಟ್ಟಲಿನಲ್ಲಿರುವ ಎಣ್ಣೆಗೆ ತಾಕಿ, ಥಟ್ಟನೆ ಮೇಲಕ್ಕೆ ತಿರುಗುತ್ತದೆ. ಗಾಳಿ ತಿರುಗುತ್ತೆ, ಧೂಳಿಗೆ ಅಷ್ಟು ಬೇಗ ತಿರುಗಲು ಆಗೋಲ್ಲ, ಎಣ್ಣೆಗೆ ಬೀಳುತ್ತದೆ. ಉಳಿದದ್ದನ್ನು ಮೇಲಿನ ಎಣ್ಣೆ ಸವರಿದ ಜಾಲರಿ ಹಿಡಿಯುತ್ತದೆ. ಎಷ್ಟು ಸರಳ! ಒಂದೇ ಶರತ್ತು: ಬಟ್ಟಲಿನಲ್ಲಿ ಕೆಸರು ಕಟ್ಟುವ ಮೊದಲು ತೊಳೆದು ಹೊಸ ಎಣ್ಣೆ ಹಾಕಬೇಕು. ಒಕ್ಕಣೆ ಕಾಲದಲ್ಲಿ ದಿನಾ ಸಂಜೆ.

2013ರ ಡಿಸೆಂಬರ್. ನಾನು ಎರಡನೇ ಪಿಯುಸಿ. ಆ ಸಲ ಈ ಕೆಲಸ ನನಗೆ ಒಪ್ಪಿಸಿದ್ದರು. ಬಟ್ಟಲು ಬಿಚ್ಚು, ಎಣ್ಣೆ ಚೆಲ್ಲು, ಡೀಸೆಲ್ಲಿನಲ್ಲಿ ತೊಳಿ, ಗೆರೆಯ ತನಕ ಹೊಸ ಎಣ್ಣೆ ಹುಯ್ಯಿ. ಕಾಲು ಗಂಟೆಯ ಕೆಲಸ. ಎರಡು ದಿನ ಮಾಡಿದೆ. ಮೂರನೇ ದಿನ ಶಾಲೆ ಮೈದಾನದಲ್ಲಿ ಮ್ಯಾಚಿತ್ತು. ರಾತ್ರಿ ಅಪ್ಪ "ಬಟ್ಲು ತೊಳ್ದೇನ್ಲಾ?" ಅಂದರು. "ಹೂಂ, ಹಾಕಿದೀನಿ" ಅಂದೆ. ಏನೂ ಆಗಲಿಲ್ಲ. ಮಾರನೇ ದಿನವೂ ಹಾಗೇ ಅಂದೆ. ಒಕ್ಕಣೆ ಮುಗಿಯುವ ತನಕ, ಸುಮಾರು ಮೂರು ವಾರ, ದಿನಾ ರಾತ್ರಿ ಅಂದೆ. ನಮ್ಮ ಕಣವಷ್ಟೇ ಅಲ್ಲ, ಬಾಡಿಗೆಗೆ ಊರಿನ ಎಷ್ಟೋ ಕಣಗಳಲ್ಲಿ ಸುತ್ತಿತ್ತು ಅದು.

ಬೇಸಿಗೆಯ ಹೊತ್ತಿಗೆ ಟ್ರ್ಯಾಕ್ಟರ್ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ನೀಲಿ ಹೊಗೆ. ಇಂಜಿನ್ ಆಯಿಲ್ ಕುಡಿಯತೊಡಗಿತು. ಅರಸೀಕೆರೆಯ ಮೆಕ್ಯಾನಿಕ್ ಬಿಚ್ಚಿ ನೋಡಿ "ಧೂಳು ಕುಡಿದದೆ ಗೌಡ್ರೇ" ಅಂದರಂತೆ. ಲೈನರ್, ಪಿಸ್ಟನ್, ರಿಂಗು ಎಲ್ಲಾ ಹೊಸದು ಹಾಕಬೇಕಾಯಿತು. ಅದೇ ಜೂನ್-ಜುಲೈನಲ್ಲಿ ನನ್ನ ಇಂಜಿನಿಯರಿಂಗ್ ಫೀಸು ಬೇರೆ. ಅಮ್ಮನ ಬಳೆ ಸೊಸೈಟಿಗೆ ಹೋದವು. ಅವು ಮನೆಗೆ ವಾಪಸ್ ಬಂದದ್ದು ನಾನು ಐದನೇ ಸೆಮಿಸ್ಟರ್‌ನಲ್ಲಿದ್ದಾಗ. ಆಟೊಮೊಬೈಲ್ ಇಂಜಿನಿಯರಿಂಗ್ ಪುಸ್ತಕದಲ್ಲಿ ಆಯಿಲ್ ಬಾತ್ ಏರ್ ಕ್ಲೀನರಿನ ಚಿತ್ರ ಬಂದಾಗ ಕ್ಲಾಸಿನಲ್ಲಿ ನಾನು ತಲೆ ಎತ್ತಲಿಲ್ಲ. ಪರೀಕ್ಷೆಗೆ ಅದೇ ಪ್ರಶ್ನೆ ಬಂತು. ಚಾಯ್ಸ್‌ನಲ್ಲಿ ಬಿಟ್ಟೆ.

ಶನಿವಾರ ರಾತ್ರಿ, ಊರಲ್ಲಿ ಭಾನುವಾರ ಬೆಳಗ್ಗೆ, ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಮಾತಿಗೆ ವಿಷಯ ಬೇಕಿತ್ತಲ್ಲ, ಕೆಂಪು ಫಿಲ್ಟರ್ ಬಿಚ್ಚಿ ತಂದು ಕ್ಯಾಮೆರಾಗೆ ಹಿಡಿದೆ.

"ಏನ್ಲಾ ಅದು, ಆಲಿಕೆ ಇದ್ದಂಗೈತೆ?"

"ಕಾರಿನ ಏರ್ ಫಿಲ್ಟ್ರು ಅಪ್ಪ. ಒಳಗೆ ಹತ್ತಿ ಬಟ್ಟೆ, ಅದಕ್ಕೆ ಎಣ್ಣೆ ಸವರಿರ್ತಾರೆ. ಧೂಳು ಎಣ್ಣೆಗೆ ಅಂಟ್ಕೊಳ್ಳುತ್ತೆ."

"ಅಂಗಾದ್ರೆ ನಮ್ಮ ಬಟ್ಲೇ ಅಲ್ವೇನ್ಲಾ? ಇದ್ನೂ ತೊಳೀಬೇಕಾ?"

"ಹೂಂ. ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಹಾಕಬೇಕು. ಜಾಸ್ತಿ ಹಾಕಿದರೆ ಎಣ್ಣೆ ಹಾರಿ ಸೆನ್ಸರ್ ತಂತಿ ಮೇಲೆ ಕೂರುತ್ತೆ."

"ತೊಳ್ದಿದೀಯಾ?"

ನಾನು ಎರಡು ವರ್ಷದಲ್ಲಿ ಒಂದು ಸಲವೂ ತೊಳೆದಿರಲಿಲ್ಲ. ಅಪ್ಪ ಸುಮ್ಮನೆ ಕೇಳಿದ್ದರು, ಅದರಲ್ಲಿ ಯಾವ ಕೊಂಕೂ ಇರಲಿಲ್ಲ. ಆದರೆ ನನ್ನ ಬಾಯಿಂದ ಬೇರೆಯದೇ ಬಂತು.

"ಅಪ್ಪಾ, ಆ ವರ್ಷ ಒಕ್ಕಣೇಲಿ ನಾನು ಬಟ್ಲು ತೊಳೀಲಿಲ್ಲ. ದಿನಾ ಸುಳ್ಳು ಹೇಳ್ದೆ."

ಸ್ವಲ್ಪ ಹೊತ್ತು ಮಾತಿಲ್ಲ. ನೆಟ್ ಹೋಯಿತೇನೋ ಅಂದುಕೊಂಡೆ. ಹಿಂದೆ ಕೋಳಿ ಕೂಗಿದ್ದು ಕೇಳಿಸಿತು, ನೆಟ್ ಇತ್ತು.

"ಗೊತ್ತು ಕಣ್ಲಾ. ಬಟ್ಲಲ್ಲಿ ಎಣ್ಣೆ ಕೆಸರಾಗಿ ಕುಂತಿತ್ತು. ಕೆರ್ದು ತೆಗ್ದೋನು ನಾನೇ ಅಲ್ವಾ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಪರೀಕ್ಸೆ ಇತ್ತಲ್ಲ ನಿಂಗೆ." ಸ್ವಲ್ಪ ತಡೆದು, "ಹಳೇ ಇಂಜಿನ್ನು, ಇವತ್ತಲ್ಲ ನಾಳೆ ಕೆಲ್ಸ ಬರ್ತಿತ್ತು ಬುಡು. ನಾನಾದ್ರೂ ಒಂದಿನ ಬಿಚ್ಚಿ ನೋಡ್ಬೇಕಿತ್ತು. ನೀನು ಹಾಕಿದೀನಿ ಅಂದ್ಯಲ್ಲ, ನೋಡ್ಲಿಲ್ಲ."

ಅಷ್ಟೇ. ಆಮೇಲೆ ತೆಂಗಿನಕಾಯಿ ರೇಟು, ಪಕ್ಕದ ಮನೆಯವರ ಬೋರ್‌ವೆಲ್ ಮಾತಾಡಿದೆವು. ಬೈದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು. "ನೀನು ಅಂದ್ಯಲ್ಲ, ನೋಡ್ಲಿಲ್ಲ" ಅನ್ನೋದು ಬೈಗುಳಕ್ಕಿಂತ ಗಟ್ಟಿಯಾಗಿ ಕೂತಿದೆ, ಇನ್ನೂ ಇಳಿದಿಲ್ಲ.

ಮರುದಿನ ಗುಜರಿ ಯಾರ್ಡಿಗೆ ಹೋದೆ. ಇಲ್ಲಿ ಟೂಲ್ಸ್ ನಾವೇ ತಗೊಂಡು ಹೋಗಿ, ಸಾಲಾಗಿ ನಿಲ್ಲಿಸಿದ ಗುಜರಿ ಕಾರುಗಳಿಂದ ಬೇಕಾದ್ದನ್ನು ಬಿಚ್ಚಿಕೊಂಡು ಬರುವ ಪದ್ಧತಿ ಇದೆ. ಹಿಂದಿನಿಂದ ಗುದ್ದಿಸಿಕೊಂಡ ಒಂದು ಬೆಳ್ಳಿ ಬಣ್ಣದ 350 ಝೀ ಸಿಕ್ಕಿತು. ಮುಂಭಾಗ ಮುಟ್ಟಿರಲಿಲ್ಲ. ಡಬ್ಬಿ, ಗಾಳಿ ಬರುವ ದಾರಿ, ಕೊಳವೆ, ಅದರ ಪಕ್ಕದ ಖಾಲಿ ಕೋಣೆ, ಹಿಡಿದಿಡುವ ಕ್ಲಿಪ್ಪುಗಳು ಎಲ್ಲಾ ಇದ್ದವು. ಎಲ್ಲಾ ಸೇರಿ 45 ಡಾಲರ್. ಹೊಸ ಕಾಗದದ ಫಿಲ್ಟರ್ 20 ಡಾಲರ್. ನನ್ನ ಎಕ್ಸೆಲ್ ಹಾಳೆಯಲ್ಲಿ ಮೊದಲನೇ ದಾರಿಯ ಮುಂದೆ ಬರೆದಿದ್ದು 300ಕ್ಕೂ ಮೇಲೆ. ಲಾಭದಲ್ಲಿ ಒಂದು 10 ಎಂಎಂ ಸಾಕೆಟ್ ಕಳೆದುಕೊಂಡು ಬಂದೆ. 10 ಎಂಎಂ ಸಾಕೆಟ್ ಕಳೆಯದವನು ಇನ್ನೂ ಹುಟ್ಟಿಲ್ಲ ಬಿಡಿ.

ಮೂರನೇ ದಾರಿ, ಡಬ್ಬಿಯೊಳಗೆ ಎಣ್ಣೆ ಹತ್ತಿಯ ಫಿಲ್ಟರ್, ಯಾಕೆ ಬೇಡವಾಯಿತು ಅಂದರೆ, ಅದು ಕೆಟ್ಟದ್ದು ಅಂತಲ್ಲ. ಫಿಲ್ಟರುಗಳನ್ನು ಅಳೆಯಲು ಐಎಸ್‌ಒ 5011 ಅನ್ನೋ ಅಂತರರಾಷ್ಟ್ರೀಯ ಪರೀಕ್ಷೆಯೊಂದಿದೆ. ಅದರಲ್ಲಿ ನೋಡುವುದು ಮುಖ್ಯವಾಗಿ ಮೂರು: ಗಾಳಿಗೆ ಎಷ್ಟು ಅಡ್ಡಿ, ಧೂಳು ಎಷ್ಟು ಹಿಡಿಯುತ್ತೆ, ಕಟ್ಟಿಕೊಳ್ಳುವ ಮೊದಲು ಎಷ್ಟು ಧೂಳು ತುಂಬಿಕೊಳ್ಳುತ್ತೆ. ಒಂದನ್ನು ಎಳೆದರೆ ಇನ್ನೊಂದು ಜಾರುತ್ತದೆ. ಮೈಲೇಜ್ ಹೆಚ್ಚುತ್ತೆ ಅಂತ ಕೆಲವರು ಹಾಕಿಸ್ತಾರೆ. ಆದರೆ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷೆ ಮಾಡಿ, ಈ ಕಾಲದ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಇಲ್ಲ ಅಂತ ತೋರಿಸಿತು. ಆಕ್ಸಿಲರೇಟರ್ ಪೂರ್ತಿ ತುಳಿಯದೇ ಇದ್ದಾಗ ಗಾಳಿಗೆ ದೊಡ್ಡ ಅಡ್ಡಿ ಫಿಲ್ಟರಲ್ಲ, ಅರ್ಧ ಮುಚ್ಚಿಕೊಂಡಿರುವ ಥ್ರಾಟಲ್ಲೇ. ಇನ್ನು ತೊಳೆಯಬೇಕಾದ ಫಿಲ್ಟರಿನ ವಿಷಯದಲ್ಲಿ ನನ್ನ ಚರಿತ್ರೆ ನಿಮಗೆ ಗೊತ್ತೇ ಇದೆ. ಕಾಗದದ್ದು ಆದರೆ ಹಳೆಯದು ಬಿಸಾಕು, ಹೊಸದು ಹಾಕು. ನನ್ನಂಥವರಿಗೆ ಅದೇ ಕ್ಷೇಮ.

ಡಬ್ಬಿ ಕೂರಿಸಿ, ಸೆನ್ಸರ್ ತಂತಿಯನ್ನು ಅದಕ್ಕೆಂದೇ ಇರುವ ಸ್ಪ್ರೇಯಿಂದ ತೊಳೆದು, ಮತ್ತೆ ಒಂದು ವಾರ ದಾಖಲಿಸಿದೆ. ಹಿಂದಿನಂಥದ್ದೇ ಸಂಜೆ, ಅದೇ ರಸ್ತೆ, ಅದೇ ಸಿಗ್ನಲ್: 57 ಇದ್ದದ್ದು 41. ಹೈವೇಯಲ್ಲಿ 34 ಇದ್ದದ್ದು 31. ಫ್ಯುಯೆಲ್ ಟ್ರಿಮ್ 11ರಿಂದ 2ಕ್ಕೆ. ತಂತಿ ತೊಳೆದದ್ದಕ್ಕೂ ಇದರಲ್ಲಿ ಪಾಲಿರುತ್ತದೆ, ಎಲ್ಲಾ ಪುಣ್ಯ ಡಬ್ಬಿಗೇ ಸೇರಬೇಕಿಲ್ಲ. ಹೈವೇಯಲ್ಲಿ ವ್ಯತ್ಯಾಸ ಮೂರೇ ಡಿಗ್ರಿ ಅನ್ನೋದನ್ನೂ ಹೇಳಲೇಬೇಕು. ಕಾರು ಓಡುತ್ತಿದ್ದರೆ ಆ ಬೆತ್ತಲೆ ಫಿಲ್ಟರ್ ನಾನು ಬೈದಷ್ಟು ಪಾಪಿಯೇನಲ್ಲ. ಆದರೆ ಸಿಲಿಕಾನ್ ಕಣಿವೆಯಲ್ಲಿ ಕಾರು ಓಡೋದು ಯಾವಾಗ?

ಕೆಲಸ ಮಾಡುವಾಗ ಬ್ಯಾಟರಿ ಕಳಚಿದ್ದರಿಂದ ಕಂಪ್ಯೂಟರಿನ ನೆನಪೆಲ್ಲಾ ಅಳಿಸಿಹೋಗಿ, ಅದು ತನ್ನ ಸ್ವಂತ ತಪಾಸಣೆಗಳನ್ನು ಮತ್ತೆ ಮುಗಿಸುವ ತನಕ ಸ್ಮಾಗ್ ಪರೀಕ್ಷೆಗೆ ಹೋಗುವ ಹಾಗಿರಲಿಲ್ಲ. ಆ ವಾರದ ಓಡಾಟ ಅದಕ್ಕೂ ಆಯಿತು. ಮತ್ತೆ ಅದೇ ಹಿರಿಯರ ಹತ್ತಿರ ಹೋದೆ. ಬಾನೆಟ್ ಎತ್ತಿದರು, ಟಾರ್ಚ್ ಬಿಟ್ಟರು, ಕಪ್ಪು ಡಬ್ಬಿಯನ್ನು ಒಂದು ಸಲ ತಟ್ಟಿದರು. ಪಾಸು.

ಹೊರಡುವಾಗ ಕೇಳಿದರು, "ಸಂಜೆ ಹಳೇದು ವಾಪಸ್ ಹಾಕ್ತೀಯೇನು?" ನಗುತ್ತಲೇ ಕೇಳಿದರು. ದಿನಕ್ಕೆ ಎಷ್ಟು ಜನರನ್ನು ನೋಡ್ತಾರೋ.

"ಇಲ್ಲ" ಅಂದೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ನಂಬಬೇಕಾದ ಕಾರಣವೂ ಅವರಿಗಿರಲಿಲ್ಲ.

ಹೀಗೆ ಎಂದ ಮಾತ್ರಕ್ಕೆ ಇನ್‌ಟೇಕ್ ಹಾಕಿಸಿಕೊಳ್ಳುವವರೆಲ್ಲಾ ತಪ್ಪು ಅಂತಲ್ಲ. ಸದ್ದು ಇಷ್ಟ ಅಂತ ಹಾಕಿಸಿಕೊಳ್ಳೋದು ಪೂರ್ತಿ ನ್ಯಾಯವಾದ ಕಾರಣ. ನಿಮ್ಮ ಮಾಡೆಲ್, ನಿಮ್ಮ ವರ್ಷಕ್ಕೆ ಒಪ್ಪಿಗೆ ಇರುವಂಥದ್ದು, ಫಿಲ್ಟರಿಗೆ ಬಿಸಿ ತಾಗದಂತೆ ಡಬ್ಬಿ ಇರುವಂಥದ್ದು, ಸೆನ್ಸರ್ ಜಾಗದಲ್ಲಿ ಕೊಳವೆಯ ಅಗಲ ಬದಲಾಗದೇ ಇರುವಂಥದ್ದು ನೋಡಿ ತಗೊಳ್ಳಿ. ಶಕ್ತಿ ಹೆಚ್ಚುತ್ತೆ ಅಂತ ಮಾತ್ರ ನಿಮಗೆ ನೀವೇ ಹೇಳಿಕೊಳ್ಳಬೇಡಿ, ಅಷ್ಟೇ.

ಕಾರು ಈಗ ಸಭ್ಯಸ್ಥನ ಹಾಗೆ ಓಡುತ್ತದೆ. ನಾಲ್ಕು ಸಾವಿರ ಆರ್‌ಪಿಎಂ ದಾಟಿದಾಗ ಇನ್ನೂ ಕಿವಿ ಆ ಸದ್ದಿಗೆ ಕಾಯುತ್ತದೆ, ಸುಳ್ಳು ಯಾಕೆ. ಹೊಳೆಯುವ ಕೊಳವೆ ಬಾಲ್ಕನಿಯ ಮೂಲೆಯಲ್ಲಿ ಬಿದ್ದಿದೆ. ಅದನ್ನು ಕೊಳ್ಳಲು ಒಬ್ಬ ಹುಡುಗ ಬಂದಿದ್ದ, ಇಲ್ಲಿಯ ಕಾಲೇಜಿನವನು. ನಂಬರ್ ಇಲ್ಲ, ಸ್ಮಾಗ್‌ನಲ್ಲಿ ಫೇಲಾಗ್ತೀಯ ಅಂತ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಹೋದ. ಹೆಂಡತಿ "ನೂರು ಡಾಲರ್ ಬರ್ತಿತ್ತಲ್ರೀ" ಅಂದಳು.

ಕಳೆದ ವಾರ ಅಪ್ಪ ಫೋನಿನಲ್ಲಿ, "ಎಲ್ಲಿ, ಒಂದ್ಸಲ ಸ್ಟಾರ್ಟ್ ಮಾಡು ನೋಡಣ" ಅಂದರು. ಪಾರ್ಕಿಂಗಿಗೆ ಇಳಿದು ಸ್ಟಾರ್ಟ್ ಮಾಡಿ ಫೋನನ್ನು ಬಾನೆಟ್ ಹತ್ತಿರ ಹಿಡಿದೆ.

"ಏನ್ಲಾ, ಸದ್ದೇ ಇಲ್ವಲ್ಲಾ?" ಅಂದರು.

ಟ್ರ್ಯಾಕ್ಟರ್ ಓಡಿಸಿದ ಕಿವಿ. ಯಾವ ಇನ್‌ಟೇಕ್ ಹಾಕಿಸಿದ್ದರೂ ಇದೇ ಮಾತು ಬರುತ್ತಿತ್ತು ಬಿಡಿ.